ಐದು ಮಾರಿಗೆ ಒಂದು ತೊಲೆ

ತೋಡೂರು, ಕಾರವಾರ
೨೧ ನವೆಂಬರ್ ೨೦೦೪

ಪ್ರೀತಿಯ ತುಳಸಣ್ಣನಿಗೆ,

ತಂಗಿ ಮಾದೇವಿಯ ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಸಿಟ್ಟು ಮಾಡಬೇಡ. ತಡವಾದದ್ದು ಆಲಸ್ಯದಿಂದಲ್ಲ, ಹಟದಿಂದ. ಮಾಡಿ ತೋರಿಸಿಯೇ ಬರೆಯಬೇಕು ಅಂತ ಕೂತಿದ್ದೆ. ಮಲ್ಪೆಯಲ್ಲಿ ನಿನ್ನ ಬೋಟಿಗೆ ಮೀನು ಬೀಳುತ್ತಿದೆ, ಲತಾ ಅತ್ತಿಗೆಯ ಮೊಣಕಾಲು ನೋವು ಇಳಿದಿದೆ ಅಂತ ಓದಿ ಸಮಾಧಾನವಾಯಿತು. ಇಲ್ಲಿ ಈ ವರ್ಷ ಬಂಗಡೆ ಚೆನ್ನಾಗಿದೆ, ನನಗೂ ಬಲೆ ಹೊಲಿಯುವ ಕೆಲಸ ಕೈತುಂಬ.

ಈಗ ಅಪ್ಪನ ಗಾಳದ ಕೋಲಿನ ವಿಷಯ. ಯಾರೋ ಹೋಟೆಲ್ಲಿನವರು ಅದನ್ನು ಊಟದ ಕೋಣೆಯ ಗೋಡೆಗೆ ತೂಗುಹಾಕುತ್ತಾರಂತೆ, ಬಂದಾಗ ಕೊಟ್ಟುಬಿಡು ಅಂದಿದ್ದೀಯ. "ದಾರವಿಲ್ಲದ ಮೇಲೆ ಅದು ಬರೀ ಒಣ ಕೋಲು. ಅದರಲ್ಲಿ ಗಾಳ ಹಾರಿಸುವವರು ಮನೆಯಲ್ಲಿದ್ದರೆ ಇಟ್ಟುಕೊಳ್ಳಿ" ಅಂತಲೂ ಬರೆದಿದ್ದೀಯ. ನೀನು ತಮಾಷೆಗೆ ಬರೆದಿರಬಹುದು, ನಾನು ಪಂಥ ಅಂತಲೇ ಓದಿದೆ.

ಕಾಳಿ ಹೊಳೆಯಲ್ಲಿ ಬಿಳಿ ದೊರೆಯ ದೋಣಿಗೆ ಹುಟ್ಟು ಹಾಕಿದ್ದಕ್ಕೆ ಅಜ್ಜನಿಗೆ ಸಿಕ್ಕ ಕೋಲು. ನೌಕಾನೆಲೆಗೆ ಜಾಗ ಹೋಗಿ ಚೆಂಡಿಯಾ ಊರಿನ ಮನೆ ಬಿಟ್ಟು ಬರುವ ದಿನ ಲಾರಿಯಲ್ಲಿ ಅದನ್ನು ಮಡಿಲ ಮೇಲಿಟ್ಟು ತಂದವಳು ನಾನು. ಡಬ್ಬಿಯಲ್ಲಿದ್ದ ರೇಷ್ಮೆ ದಾರ ಮಾತ್ರ ಮಳೆನೀರು ಹೊಕ್ಕು ಕೊಳೆತು ಪುಡಿಯಾಯಿತು.

ಮೊದಲು ನೈಲಾನಿನ ತಂಗೂಸಿ ದಾರ ಕಟ್ಟಿ ಬೀಸಿದೆ. ಕಾಲ ಬುಡದಲ್ಲೇ ಬಿತ್ತು. ಪಕ್ಕದ ಮನೆಯ ಮಾಬ್ಲೇಶ್ವರ ಬೇಲಿ ಮೇಲಿಂದ ನೋಡಿ, "ತುದಿಗೊಂದು ಸೀಸದ ಗುಂಡು ಕಟ್ಟೇ ಮಾರಾಯ್ತಿ, ಹ್ಯಾಂಗ್ ಹಾರೂದಿಲ್ಲ ನೋಡ್ವಾ" ಅಂದ. ಸೀಸ ಕಟ್ಟಿದ್ದರೆ ಬಿದಿರಿನ ತುದಿ ಅಲ್ಲೇ ಮುರಿಯುತ್ತಿತ್ತು. ಆ ಗಾಳಕ್ಕೆ ಕಟ್ಟುವುದು ಹುಳದ ಹಾಗೆ ಕಾಣುವ ಒಂದು ಗರಿ, ಅದಕ್ಕೆ ತೂಕವೇ ಇಲ್ಲ. ದಾರದ ತೂಕ ಕೋಲನ್ನು ಬಗ್ಗಿಸಬೇಕು, ಬಗ್ಗಿದ ಕೋಲು ದಾರವನ್ನು ಎಸೆಯಬೇಕು. ದಾರ ಹಗುರಾದರೆ ಕೋಲು ಮಲಗಿರುತ್ತದೆ, ಭಾರವಾದರೆ ನರಳುತ್ತದೆ. ಇದಿಷ್ಟನ್ನೂ ಅಪ್ಪ ಅಂಗಳದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದು ನಿನಗೆ. ನಾನು ಜಗಲಿಯಲ್ಲಿ ಬಲೆ ಹಿಡಿದು ಕೂತಿದ್ದೆ. "ಐದು ಮಾರಿಗೆ ಒಂದು ತೊಲೆ" ಅಂತ ದಾರದ ತೂಕದ ಲೆಕ್ಕ ಅವನು ದಿನಾ ಹೇಳುತ್ತಿದ್ದುದು ನಿನಗೆ ಮರೆತಿರಬೇಕು. ನನಗೆ ಮರೆತಿಲ್ಲ.

ರೇಷ್ಮೆ ನೂಲು ತರಿಸಿ, ಜಡೆಯ ಹಾಗೆ ಹೆಣೆದು, ಅಗಸೆ ಎಣ್ಣೆ ಕುಡಿಸಿ ಒಣಗಿಸಿದೆ. ಎರಡೂ ಕೈ ಚಾಚಿ ಐದು ಮಾರು ಅಳೆದು ಅಂಕೋಲೆಗೆ ಹೋಗಿ ಚಿನ್ನದಂಗಡಿಯ ದತ್ತಾ ಶೇಟರ ತಕ್ಕಡಿಯಲ್ಲಿ ಇಡಿಸಿದೆ. "ಎಂತದೇ ಮಾದೇವಿ, ಮೀನಿಗೆ ಚೈನ್ ಮಾಡ್ಸೂಕೆ ಬಂದ್ಯಾ?" ಅಂತ ಅಂಗಡಿಯವರೆಲ್ಲ ನಕ್ಕರು. ನಗಲಿ. ಸರಿಯಾಗಿ ಒಂದು ತೊಲೆ ಬಂತು. ಖುಷಿಯಿಂದ ಮನೆಗೆ ಬಂದು ಬೀಸಿದರೆ ಕೋಲು ಕಿರುಗುಟ್ಟಿತು, ದಾರ ದೊಪ್ಪನೆ ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಎರಡು ದಿನ ಕೋಲನ್ನೇ ಬೈದೆ.

ಮೂರನೇ ದಿನ ಬಲೆಯ ಹಗ್ಗ ಅಳೆಯುವಾಗ ಹೊಳೆಯಿತು. ನಾನು ಅಳೆದದ್ದು ನನ್ನ ಮಾರು! ಅಪ್ಪ ಹೇಳಿದ್ದು ಅವನ ಮಾರು. ಅವನ ಕೈ ಎಷ್ಟು ಉದ್ದ ಅಂತ ಈಗ ಯಾರನ್ನು ಕೇಳಲಿ? ಅಟ್ಟ ಹತ್ತಿ ಅವನ ದೋಣಿಯ ಲಂಗರಿನ ಹಗ್ಗ ತೆಗೆದೆ. ನೀರಿನ ಆಳ ನೋಡಲು ಮಾರಿಗೊಂದು ಗಂಟು ಹಾಕಿದ್ದನಲ್ಲ, ಆ ಗಂಟುಗಳು ಹಾಗೇ ಇದ್ದವು. ಗಂಟಿನಿಂದ ಗಂಟಿಗೆ ಕೈ ಚಾಚಿದೆ. ನನ್ನ ಮಾರಿಗಿಂತ ಒಂದು ಗೇಣು ಹೆಚ್ಚು. ಹಗ್ಗ ಹಿಡಿದುಕೊಂಡು ಅಟ್ಟದ ಮೇಲೆ ಕೂತು ಅತ್ತೆ, ಅಣ್ಣಾ. ಅವನು ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ನನ್ನ ಗಿಡ್ಡ ಮಾರಿಗೇ ತೊಲೆ ತೂಗಿದ ದಾರ ಕೋಲಿಗೆ ಭಾರವಾಗಿತ್ತು. ಎಳೆ ಕಡಿಮೆ ಮಾಡಿ ಮತ್ತೆ ಮೊದಲಿಂದ ಹೆಣೆದೆ. ಹನ್ನೆರಡು ದಿನ ಹಿಡಿಯಿತು. ಮತ್ತೆ ಅಂಕೋಲೆಗೆ ಹೋದೆ. ಅಪ್ಪನ ಐದು ಮಾರು, ಒಂದು ತೊಲೆ. ಈ ಸಲ ಶೇಟರು ನಗಲಿಲ್ಲ, "ಬಿಡೂಳಲ್ಲ ನೀನು" ಅಂದರು.

ನಿನ್ನೆ ಹಿಲ್ಲೂರಿಗೆ ಹೋದೆ. ಅಲ್ಲಿ ನನ್ನಿಂದ ಒಣಮೀನು ಕೊಳ್ಳುವ ಹೊನ್ನಮ್ಮನ ಮನೆ ಹಿಂದೆ ಹೊಳೆ ಇದೆ, ನೋಡಿ ನಗುವವರಿಲ್ಲ. ನಾಲ್ಕು ಸಲ ಬೀಸಿದ್ದು ಕೆಟ್ಟಿತು. ಐದನೆಯ ಸಲ ಕೋಲು ಹಿಂದಕ್ಕೆ ಬಗ್ಗಿದ್ದು ಅಂಗೈಗೆ ಗೊತ್ತಾಯಿತು. ದಾರ ಬಿಚ್ಚಿಕೊಳ್ಳುತ್ತ ಹೋಗಿ ಆಚೆ ಬಂಡೆಯ ಹತ್ತಿರ ಸದ್ದಿಲ್ಲದೆ ನೀರಿನ ಮೇಲೆ ಮಲಗಿತು. "ಹೋಯ್ತು ಹೋಯ್ತು, ಅಗಾ ನೋಡೇ!" ಅಂತ ಹೊನ್ನಮ್ಮ ಕೂಗಿದಳು. ಮೀನು ಒಂದೂ ಸಿಕ್ಕಲಿಲ್ಲ. ಇನ್ನು ಸಿಗದೆ ಎಲ್ಲಿಗೆ ಹೋಗುತ್ತದೆ?

ಇವತ್ತು ಬೆಳಿಗ್ಗೆ ಹೋಟೆಲ್ಲಿನವರು ಕಾರು ತಂದಿದ್ದರು. ಚಹಾ ಕೊಟ್ಟು ಕಳಿಸಿದೆ. ಕೋಲು ಕೊಡುವುದಿಲ್ಲ. ನೀನು ಕೇಳಿದರೂ ಕೊಡುವುದಿಲ್ಲ. ರಜೆಯಲ್ಲಿ ಕಿಶನನನ್ನೂ ಪ್ರಗತಿಯನ್ನೂ ಕಳಿಸು, ಇಬ್ಬರಿಗೂ ಕಲಿಸುತ್ತೇನೆ. ಮಕ್ಕಳಿಗೆ ನನ್ನ ಆಶೀರ್ವಾದ. ಸಮುದ್ರ ನಿನ್ನನ್ನು ದಿನಾ ಸುಖವಾಗಿ ದಡಕ್ಕೆ ಕಳಿಸಲಿ.

ನಿನ್ನ ತಂಗಿ,
ಮಾದೇವಿ

ತಾ.ಕ.: ಒಂದು ಮಾತು ನಿನಗೆ ಇಲ್ಲಿಯವರೆಗೆ ಹೇಳಿಲ್ಲ. ತೀರಿಹೋಗುವ ಎರಡು ದಿನ ಮೊದಲು ಅಪ್ಪ ಆ ಕೋಲು ಕೇಳಿದ. ತಂದು ಪಕ್ಕದಲ್ಲಿಟ್ಟೆ. ಸವರಿ ಸವರಿ ನೋಡಿ, "ತುಳಸಿಗೆ ಇದ್ರ ಮೇಲೆ ಮನಸಿಲ್ಲ. ಇನ್ ಇದ್ನ ಕೊಡೂಕೆ ಮನೇಲಿ ಯಾರೂ ಇಲ್ಲ" ಅಂದ. ಆಗ ನಾನು ಅವನಿಗೆ ಗಂಜಿ ಕುಡಿಸುತ್ತಿದ್ದೆ. ಬಾಯಿ ಒರೆಸಿ ಇನ್ನೊಂದು ಚಮಚ ಹಾಕಿದೆ.