ಒಂಬತ್ತು ರಾತ್ರಿಗಳ ಮೋಡ

ವೀಕ್ಷಣಾಲಯದ ವಸತಿಗೃಹ, ನಾಲ್ಕನೆಯ ಕೊಠಡಿ
ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಭಾವ ಈಗಲೂ ನಿನಗೆ ಪತ್ರಿಕೆ ಓದಿ ಹೇಳುತ್ತಾರೆಯೇ? ಕಣ್ಣಿನ ಮೇಲೆ ನಂಬಿಕೆಯಿಲ್ಲವೆಂದು ನೀನು ಹೊಲಿಗೆ ಯಂತ್ರವನ್ನು ಅಟ್ಟಕ್ಕೇರಿಸಿದ ಸಂಗತಿಯನ್ನು ಅವರು ಬರೆದಿದ್ದರು. ಆ ಸಾಲು ಓದಿದಂದಿನಿಂದ ಈ ಪತ್ರವನ್ನು ಬರೆಯುತ್ತ, ಹರಿಯುತ್ತ ಇದ್ದೇನೆ.

ಹದಿನಾಲ್ಕು ವರ್ಷ ಇಲ್ಲಿ ಪ್ರತಿ ರಾತ್ರಿ ಆಕಾಶ ನೋಡಿ, ಮೋಡವೋ ಶುಭ್ರವೋ ಎಂದು ಪುಸ್ತಕದಲ್ಲಿ ಬರೆದವಳಿಗೆ ನಮ್ಮ ಕೆಲಸ ವಿವರಿಸುವುದು ಅಧಿಕಪ್ರಸಂಗ. ಆದರೂ ತಪ್ಪು ಎಲ್ಲಾಯಿತೆಂದು ಹೇಳಲು ಅದು ಬೇಕು. ಬಾಹ್ಯಾಕಾಶದಿಂದ ಬಂದ ಪ್ರೋಟಾನ್ ಗಾಳಿಗೆ ಡಿಕ್ಕಿ ಹೊಡೆದಾಗ ಕೋಟ್ಯಂತರ ಕಣಗಳು ಸುರಿಯುತ್ತವೆ. ಅವುಗಳ ಮಸುಕು ಬೆಳಕನ್ನು ನಮ್ಮ ದೂರದರ್ಶಕಗಳು ಹಿಡಿಯುತ್ತವೆ. ಎಷ್ಟು ಪ್ರೋಟಾನುಗಳು ಗಾಳಿಯಲ್ಲಿ ಬಹಳ ಆಳಕ್ಕಿಳಿದು ಡಿಕ್ಕಿ ಹೊಡೆದವು ಎಂಬುದರಿಂದ ಪ್ರೋಟಾನಿನ ದಪ್ಪ ತಿಳಿಯುತ್ತದೆ; ತೆಳ್ಳಗಿದ್ದಷ್ಟೂ ಅದು ಆಳಕ್ಕೆ ನುಸುಳುತ್ತದೆ. ಅಂಥವು ಬೆರಳೆಣಿಕೆಯಷ್ಟು, ಉತ್ತರವಿರುವುದು ಅವುಗಳಲ್ಲೇ. ನನಗೆ ಒಂಬತ್ತು ರಾತ್ರಿಗಳಲ್ಲಿ ಒಂದೊಂದರಂತೆ ಒಂಬತ್ತು ಹೆಚ್ಚಾಗಿ ಸಿಕ್ಕವು, ಹೀಗೇ ಇರಬೇಕೆಂದು ನಾನು ನಕ್ಷೆಯಲ್ಲಿ ಮೊದಲೇ ಎಳೆದಿಟ್ಟ ಗೆರೆಯಿಂದ ದೂರದಲ್ಲಿ. ನೀನು ನಕ್ಕಿದ್ದೆ: "ನಿನ್ನ ಗೆರೆ ಪ್ರೋಟಾನಿಗೇನು ಗೊತ್ತೋ? ಅದು ತನಗೆ ಬೇಕಾದಲ್ಲಿ ಗುದ್ದುತ್ತೆ!"

ಮೋಡವಿದ್ದರೆ ಬೆಳಕಿನ ಅಳತೆ ಕೆಡುವುದರಿಂದ ಆ ರಾತ್ರಿಗಳನ್ನು ಕೈಬಿಡಲು ಅವಕಾಶವಿದೆ. ಪುಸ್ತಕದಲ್ಲಿ ಒಂಬತ್ತೂ ರಾತ್ರಿಗಳಿಗೆ 'ಶುಭ್ರ' ಎಂದಿತ್ತು. ಬರೆದವರ ಕಣ್ಣಿಗೆ ಪೊರೆ ಬಂದಿರಬಹುದೆಂದು ಸಭೆಯಲ್ಲಿ ಹೇಳಿದವನು ನಾನೇ, ಅಕ್ಕ. "ಹಾಗಾದ್ರೆ ಈ ಪುಸ್ತಕ ಏನ್ರೀ, ಕಣ್ಣಾಮುಚ್ಚಾಲೆನಾ?" ಎಂದರು ಮುಖ್ಯಸ್ಥರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂಬತ್ತೂ ಹೊರಬಿದ್ದವು, ಲೆಕ್ಕ ನನ್ನ ಗೆರೆಗೆ ಕೂಡಿತು, ಲೇಖನ ಅಚ್ಚಾಯಿತು. ವೀಕ್ಷಕರ ದೃಷ್ಟಿ ನಂಬಲರ್ಹವಲ್ಲವೆಂಬ ಟಿಪ್ಪಣಿ ನಿನ್ನ ಕೈಸೇರಿತು. ವೈದ್ಯರು ಕಣ್ಣು ಸರಿಯಿದೆಯೆಂದರೂ ನೀನು ಟಿಪ್ಪಣಿಯನ್ನೇ ನಂಬಿ ಕೆಲಸ ಬಿಟ್ಟೆ. ಬಸ್ ನಿಲ್ದಾಣದಲ್ಲಿ ನನ್ನ ಕೈಹಿಡಿದು ನೀನು ಹೇಳಿದ್ದು: "ನನ್ನಿಂದ ನಿನ್ನ ಲೆಕ್ಕ ಹಾಳಾಯ್ತಲ್ಲೋ, ಬೇಜಾರು ಮಾಡ್ಕೋಬೇಡ." ನಾನು ನಿನ್ನ ಪೆಟ್ಟಿಗೆಯನ್ನು ಮೇಲಿಟ್ಟು, ಬಸ್ಸಿನಿಂದ ಕೆಳಗಿಳಿದೆ.

ಈಚೆಗೆ ಸಹೋದ್ಯೋಗಿಯೊಬ್ಬರು ಹಳೆಯ ಉಪಗ್ರಹ ಚಿತ್ರಗಳನ್ನು ತೆಗೆದು ನೋಡಿದರು. ಒಂಬತ್ತೂ ರಾತ್ರಿ ಆಕಾಶ ಶುಭ್ರ. ಕಳೆದ ಗುರುವಾರ ಆ ಲೇಖನಕ್ಕೆ ತಿದ್ದುಪಡಿ ಕಳುಹಿಸಿದೆ. ಪ್ರೋಟಾನ್ ನಾನು ಹೇಳಿದ್ದಕ್ಕಿಂತ ತೆಳ್ಳಗಿದೆ. "ಪಾಪ, ನಿಮಗೇನು ಗೊತ್ತಿತ್ತು, ಬಿಡಿ" ಎಂದು ಮುಖ್ಯಸ್ಥರು ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ಭಾವನಿಗೆ ನನ್ನ ನಮಸ್ಕಾರ. ಹೊಲಿಗೆ ಯಂತ್ರವನ್ನು ಅಟ್ಟದಿಂದ ಇಳಿಸಿಕೊಡಲು ಅವರಿಗೆ ಹೇಳು.

ನಿನ್ನ ತಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ, ಅಂಚೆಯ ಹೊತ್ತೂ ಆಯಿತು. ಆ ಒಂಬತ್ತರಲ್ಲಿ ಐದನೆಯ ರಾತ್ರಿ ನಿನಗೆ ಸ್ವೆಟರ್ ಕೊಡಲು ನಾನು ತಾರಸಿಗೆ ಬಂದಿದ್ದೆ. "ಹಿಡ್ಕೋ, ನೋಡಿ ಬರಿ" ಎಂದು ಪುಸ್ತಕವನ್ನು ನನ್ನ ಕೈಗಿತ್ತು ನೀನು ಸ್ವೆಟರ್ ತೊಟ್ಟೆ. ನಾನು ತಲೆಯೆತ್ತಿ ನೋಡಿದೆ, 'ಶುಭ್ರ' ಎಂದು ಬರೆದೆ. ಸಭೆಯಲ್ಲಿ ಕುಳಿತಾಗಲೂ ಅದು ನನಗೆ ನೆನಪಿತ್ತು. ಆ ಪುಟದ ಒಂದು ಪ್ರತಿಯನ್ನು ಇಂದು ಬೆಳಿಗ್ಗೆ ಮುಖ್ಯಸ್ಥರ ಕೈಗೆ ಕೊಟ್ಟೆ, ಇನ್ನೊಂದು ಇದರೊಳಗಿದೆ. ಭಾವನಿಂದ ಓದಿಸಬೇಡ. ಆ ರಾತ್ರಿಯ ಸಾಲಿನ ಅಕ್ಷರ ಯಾರದೆಂದು ನೀನೇ ನೋಡು; ನಿನ್ನ ಕಣ್ಣಿಗೆ ತಿಳಿಯುತ್ತದೆ.