ಇಪ್ಪತ್ತು ನಕ್ಷತ್ರಕ್ಕೆ ಒಬ್ಬ ಅಪ್ಪ

ಮಧುರವಾಡ, ವಿಶಾಖಪಟ್ಟಣ
೧೮ ಜೂನ್ ೨೦೨೫, ಬುಧವಾರ

ರಕ್ಷಾಳ ಅಪ್ಪನಿಗೆ, ಹೇಮಾಕ್ಷಿಯ ಪ್ರೀತಿಯ ನಮಸ್ಕಾರ.

ಆರೋಗ್ಯ ಹೇಗಿದೆ? ಭವಾನಿಪುರಂ ಮೆಸ್ಸಿನ ಗೋಂಗೂರ ಪಚ್ಚಡಿ ನಿಮ್ಮ ಹೊಟ್ಟೆಗೆ ಆಗುವುದಿಲ್ಲ, ನಾಲಿಗೆ ಕೇಳುವುದಿಲ್ಲ. ಮಜ್ಜಿಗೆಯನ್ನಾದರೂ ಕುಡಿಯಿರಿ. ಫೋನ್ ಮಾಡಿದರೆ 'ಮೀಟಿಂಗ್‌ನಲ್ಲಿದೀನಿ ಕಣೇ' ಎಂದು ಇಟ್ಟುಬಿಡುತ್ತೀರಿ. ಬ್ಯಾಂಕ್ ಮ್ಯಾನೇಜರಿಗೆ ಭಾನುವಾರವೂ ಮೀಟಿಂಗ್ ಇರುತ್ತದೆಂದು ಈಗ ಗೊತ್ತಾಯಿತು. ಅದಕ್ಕೇ ಈ ಕಾಗದ. ಕೆಳಗಿನ ಮನೆಯ ವೆಂಕಟರಮಣ ಅವರು ಮಧ್ಯಾಹ್ನದ ರೈಲಿಗೆ ನಿಮ್ಮ ವಿಜಯವಾಡಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ಬ್ಯಾಂಕಿಗೆ ರಜೆ ಇರುವ ಎರಡನೇ, ನಾಲ್ಕನೇ ಶನಿವಾರ ಎಂದರೆ ನೀವು ಬರುವ ದಿನ. ಎರಡು ಸಲ ತಪ್ಪಿಸಿದಿರಿ. ಕಾರಣ ನನಗೆ ಗೊತ್ತಿಲ್ಲದ್ದೇನಲ್ಲ. ಮೇ ತಿಂಗಳಲ್ಲಿ ಬಂದಾಗ ರಕ್ಷಾ ನಿಮ್ಮ ಮುಖವನ್ನೂ ನೋಡದೆ ಲಿಫ್ಟಿನ ಅಂಕಿ ನೋಡಲು ಓಡಿದಳು. 'ಎಂಟು ವರ್ಷ ಸಾಕಿದ್ದಕ್ಕೆ ನನಗಿಂತ ಲಿಫ್ಟೇ ಹೆಚ್ಚಾಯ್ತೇನೇ ಇವಳಿಗೆ?' ಎಂದಿರಿ. ನಕ್ಕುಬಿಡೋಣ ಎಂದುಕೊಂಡೆ, ನಿಮ್ಮ ಕಣ್ಣು ನೋಡಿ ಆಗಲಿಲ್ಲ.

ನೀವು ವಾಪಸ್ ಹೊರಟ ವಾರವೇ ರಕ್ಷಾಳನ್ನು ನೋಡುವ ಡಾಕ್ಟರ್ ಸುಲೋಚನಾ ಎದುರು ಇದನ್ನೆಲ್ಲ ಹೇಳಿಕೊಂಡು ಅತ್ತೆ. ಏಪ್ರಿಲ್‌ನಲ್ಲಿ ನೀವು ಗೋಡೆಗೆ ಅಂಟಿಸಿದ ಪಟ್ಟಿಯ ವಿಷಯವನ್ನೂ ಹೇಳಿದೆ: ದಿನಕ್ಕೊಂದು ಪುಟ ಬರೆದರೆ ಒಂದು ನಕ್ಷತ್ರ, ಇಪ್ಪತ್ತಾದರೆ ಅಪ್ಪನ ಜೊತೆ ಋಷಿಕೊಂಡ ಬೀಚು. ಮೂರನೇ ದಿನಕ್ಕೇ ಅವಳು ಪುಸ್ತಕ ಹರಿದಿದ್ದು ಹಟದಿಂದಲ್ಲವಂತೆ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳ ಮಿದುಳಿಗೆ ಇಪ್ಪತ್ತು ದಿನದಾಚೆಯ ಬಹುಮಾನ ಇಲ್ಲವೆನ್ನುವಷ್ಟು ದೂರ. ಕೊಡುವುದನ್ನು ಆಗಲೇ ಕೊಡಬೇಕು. ಜೊತೆಗೆ ಇವಳಿಗೆ ಆಟಿಸಂ. ನಮ್ಮ 'ಭೇಷ್', ನಮ್ಮ ನಗು ನಾವಂದುಕೊಂಡಷ್ಟು ಖುಷಿ ಕೊಡದೆ ಇರಬಹುದು, ಲಿಫ್ಟಿನ ಅಂಕಿ ಕೊಡಬಹುದು. 'ಹೊಗಳಿಕೆ ಬೇಡದ ಮಗುವಿಗೆ ಅಪ್ಪ ಬೇಡ ಅಂತ ಯಾರಮ್ಮ ಹೇಳಿದ್ದು?' ಎಂದು ಬೈದರು. ಬೈಸಿಕೊಂಡು ಮನಸ್ಸು ಹಗುರವಾಯಿತು.

ಆಮೇಲೆ ಪಟ್ಟಿಯನ್ನು ಹಾಗೇ ಬಿಟ್ಟು, ಒಂದು ಪುಟಕ್ಕೆ ಒಂದು ಸಲ ಲಿಫ್ಟು ಎಂದು ಮಾಡಿದೆ. ಸೆಕ್ಯುರಿಟಿಯ ಜಗನ್ಮೋಹನ್ ಮುಖ ಗಂಟಿಕ್ಕಿದರೂ ಪುಸ್ತಕ ತುಂಬುತ್ತಾ ಬಂತು. ಹನ್ನೊಂದು ಮಹಡಿ ಹತ್ತಿ ಇಳಿಯುವಾಗ ಅವಳು ಅಂಕಿ ನೋಡುತ್ತಾಳೆ, ನಾನು ಅವಳನ್ನು ನೋಡುತ್ತೇನೆ. ಹತ್ತುವವರು, ಇಳಿಯುವವರು ತೆಲುಗಿನಲ್ಲಿ ಕ್ಷೇಮ ಕೇಳುತ್ತಾರೆ, ಒಳ್ಳೆಯ ಜನ. ಆದರೆ ಈ ಮನೆಯಲ್ಲಿ ನಾನು ಕನ್ನಡದಲ್ಲಿ ಜಗಳವಾಡಲು ಕುಕ್ಕರ್ ಬಿಟ್ಟು ಯಾರೂ ಇಲ್ಲ. ತುಂಬಾ ಒಂಟಿಯಾಗಿದ್ದೇನೆ ರೀ.

ಬಿಸಿಲಿನಲ್ಲಿ ಓಡಾಡಬೇಡಿ. ಬಿಪಿ ಮಾತ್ರೆ ಮರೆಯಬೇಡಿ.

ನಿಮ್ಮ
ಹೇಮಾ

ಮರೆತದ್ದು: ವೆಂಕಟರಮಣ ಅವರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಹೋದ ಶನಿವಾರ ರಕ್ಷಾ ಬೆಳಗಿನಿಂದ 'ನಾನ್ನ ಎಪ್ಪುಡು ವಸ್ತಾರು? ಅಪ್ಪ ಯಾವಾಗ ಬರ್ತಾರೆ?' ಎಂದು ಒಂದೇ ಸಮನೆ ಕೇಳಿದಳು. ಸಾಕಾಗಿ, ನಿಮ್ಮ ಮೇಲಿನ ಸಿಟ್ಟಿಗೆ, 'ನಿನ್ನ ನಕ್ಷತ್ರ ಸಾಲಲಿಲ್ಲ, ಅದಕ್ಕೇ ಬರಲಿಲ್ಲ' ಎಂದುಬಿಟ್ಟೆ. ಆಮೇಲೆ ಅವಳು ಕೇಳಿಲ್ಲ. ಸುಳ್ಳು ಹೇಳಿದೆ ಎಂದರೂ ನಂಬುತ್ತಿಲ್ಲ. ಲಿಫ್ಟು ಬೇಡವಂತೆ. ಪುಟದ ಮೇಲೆ ಪುಟ ಬರೆದು ಪಟ್ಟಿಯಲ್ಲಿ ತಾನೇ ನಕ್ಷತ್ರ ಬಿಡಿಸುತ್ತಿದ್ದಾಳೆ. ಇವತ್ತಿಗೆ ಹದಿನೇಳು. ನಿಮ್ಮ ದಮ್ಮಯ್ಯ, ಇಪ್ಪತ್ತಾಗುವ ಮೊದಲೇ ಬಂದುಬಿಡಿ.