ಗುಡಾಣನ ಹಾಸಿಗೆಯ ಅಳತೆ

ಗಡಿಬಿಡಿಯವಳೇ,

ಗುಡಾಣನ ಸೊಂಟದ ವಿಷಯ ಫೋನಿನಲ್ಲಿ ಅರ್ಧ ಹೇಳಿದ್ದೆ. ಉಳಿದರ್ಧವನ್ನು ಬರೆಯುವುದೇ ಸುಲಭ. ಫೋನಿನಲ್ಲಿ ನೀನು ಸುಮ್ಮನಾದಾಗ ಹಿಂದೆ ನಿನ್ನ ಬೀದಿಯ ಬಸ್ಸುಗಳು ಕೇಳಿಸುತ್ತವೆ. ಆಮೇಲೆ ಏನು ಹೇಳಹೊರಟಿದ್ದೆ ಎಂಬುದೇ ನನಗೆ ಮರೆತುಹೋಗುತ್ತದೆ.

ನಮ್ಮ ನಾಯಿಗೆ ವಯಸ್ಸಾಗಿದೆ. ಬರೆದರೆ ಎಷ್ಟು ಚಿಕ್ಕ ವಾಕ್ಯ! ಕರುವಿನಷ್ಟು ದೊಡ್ಡ ಆ ದೇಹವನ್ನು ಎಬ್ಬಿಸಲು ಅವನು ಮುಂಗಾಲು ಊರುತ್ತಾನೆ, ಹಿಂಗಾಲುಗಳನ್ನು ಎಳೆದುಕೊಳ್ಳುತ್ತಾನೆ, ನಡುವೆ ಕೈಬಿಟ್ಟು, ಏಳುವ ಯೋಚನೆಯೇ ಇರಲಿಲ್ಲವೆಂಬಂತೆ ಕಿಟಕಿಯ ಕಡೆ ನೋಡುತ್ತಾನೆ. ನಾನೂ ಕಿಟಕಿಯ ಕಡೆ ನೋಡುತ್ತೇನೆ. ಅವನ ಮರ್ಯಾದೆಯ ಪ್ರಶ್ನೆ. ಬರೀ ನೆಲದ ಮೇಲೆ ಮಲಗಿ ಮಲಗಿ ಮೊಣಕೈಗಳ ಕೂದಲು ಉದುರಿ ದಡ್ಡುಗಟ್ಟಿದೆ.

ಡಾಕ್ಟರಮ್ಮ ನೆನಪಿರಬೇಕಲ್ಲ, ನಾಯಿಗಿಂತ ಹೆಚ್ಚಾಗಿ ನಮ್ಮಿಬ್ಬರನ್ನು ಗದರಿಸುತ್ತಿದ್ದವರು. "ಏನು ಗುಡಾಣಪ್ಪನವರೇ, ನಡಿಗೆ ಯಾಕೋ ಮಂತ್ರಿಗಳ ಥರ ಆಗಿದೆ" ಎನ್ನುತ್ತಲೇ ಸೊಂಟ ಅದುಮಿ ನೋಡಿದರು. ಆಮೇಲೆ ತಮಾಷೆ ನಿಲ್ಲಿಸಿದರು. "ಕೀಲು ಸವೆದಿದೆ. ಮಾತ್ರೆ ಕೊಡ್ತೀನಿ. ಅದಕ್ಕೂ ಮೊದಲು ಒಂದು ಸರಿಯಾದ ಹಾಸಿಗೆ ತನ್ನಿ. ಮೆತ್ತಗಿರೋದಲ್ಲ ಮತ್ತೆ, ಭಾರ ತಡೆಯೋದು. ಮೆತ್ತಗಿದ್ರೆ ಹೂತುಕೊಂಡುಬಿಡ್ತಾನೆ, ಏಳೋದು ಇನ್ನೂ ಕಷ್ಟ." ಕೈ ತೊಳೆಯುತ್ತಾ, ನನಗೆ ಬೆನ್ನು ಹಾಕಿಕೊಂಡೇ ಮುಂದುವರಿಸಿದರು. "ಅವನಾಗಿ ಅವನು ಏಳ್ತಾನಾ ಅಂತ ಈ ತಿಂಗಳು ನೋಡೋಣ. ಇಲ್ಲಾಂದ್ರೆ ಆ ಇಂಜೆಕ್ಷನ್ ವಿಷಯ ಮಾತಾಡಬೇಕಾಗುತ್ತೆ. ನೋವಲ್ಲಿ ಎಳೆದಾಡಿಸಬಾರದು. ಆಗ ಅವರನ್ನೂ ಕರೆಸಿ. ಇಬ್ರೂ ಇರಬೇಕು."

ಅವರು ಎಂದರೆ ನೀನು.

ಹೋಗುವ ದಿನ ನೀನು ಅವನ ಕಿವಿ ಹಿಡಿದುಕೊಂಡು ನನಗೆ ಹೇಳಿದ್ದೆ: "ಇವನಿಗೆ ಏನಾದ್ರೂ ಆದ್ರೆ ಹೇಳು, ಆ ಕ್ಷಣ ಹೊರಟು ಬರ್ತೀನಿ." ನನಗೆ ಏನಾದರೂ ಆದರೆ ಎಂಬ ಮಾತು ಬರಲಿಲ್ಲ. ನಾನೂ ಕೇಳಲಿಲ್ಲ. ಜಗಳವಾಡಿ ಬೇರೆಯಾಗಿದ್ದರೆ ಬಹುಶಃ ಕೇಳುತ್ತಿದ್ದೆ. ನಾವು ಸಾಮಾನು ಹಂಚಿಕೊಂಡಷ್ಟೇ ಸೌಜನ್ಯದಿಂದ ದೂರವಾದವರು. ನಿನ್ನ ಮನೆಗೆ ಲಿಫ್ಟ್ ಇಲ್ಲ, ಅವನು ಮೆಟ್ಟಿಲು ಹತ್ತಲಾರ; ಹಾಗಾಗಿ ಅವನು ನನ್ನ ಪಾಲಿಗೆ ಬಂದ.

ಸಾಕುಪ್ರಾಣಿಗಳ ಅಂಗಡಿಗೆ ಹೋದೆ. ಎಲ್ಲ ಹಾಸಿಗೆಗಳ ಮೇಲೂ ಆರ್ಥೋಪೆಡಿಕ್ ಎಂಬ ಚೀಟಿ. ಡಾಕ್ಟರಮ್ಮ ಒಂದು ಉಪಾಯ ಹೇಳಿಕೊಟ್ಟಿದ್ದರು: ಮೊಣಕಾಲೂರಿ ಭಾರ ಬಿಡಬೇಕು, ಮೊಣಕಾಲಿಗೆ ನೆಲ ತಾಗಿದರೆ ಆ ಹಾಸಿಗೆ ಬೇಡ. ಒಂದೊಂದರ ಮೇಲೂ ಮಂಡಿಯೂರುತ್ತಾ ಹೋದೆ. ಎಲ್ಲದರಲ್ಲೂ ನೆಲ ಸಿಕ್ಕಿತು. ಅಂಗಡಿಯ ಹುಡುಗಿಗೆ ನಗು ತಡೆಯಲಾಗಲಿಲ್ಲ. "ಯಾರ ಹತ್ರ ಸಾರ್ ಇಷ್ಟೊಂದು ಸಲ ಕ್ಷಮೆ ಕೇಳ್ತಾ ಇದೀರಾ?"

ಕೊನೆಯದು ನೋಡಲು ಬಹಳ ಸೊಗಸಾಗಿತ್ತು. ಬೂದು ಬಣ್ಣ, ಸುತ್ತ ದಿಂಬಿನಂಥ ಅಂಚು. ನಿನಗೆ ಫೋಟೋ ಕಳಿಸಿದ್ದರೆ ನೀನೂ ಮೆಚ್ಚುತ್ತಿದ್ದೆ. ಅದರಲ್ಲೂ ಮೊಣಕಾಲು ನೆಲಕ್ಕೆ ತಾಗಿತು. ಹಾಗೇ ಇದ್ದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಇದನ್ನು ಕೊಂಡರೆ ಅವನು ಏಳುವುದಿಲ್ಲ. ಅವನು ಏಳದಿದ್ದರೆ ನೀನು ಬರುತ್ತೀ. ಇಂಥ ಯೋಚನೆ ಬಂದಾಗ ಮನುಷ್ಯ ಏನು ಮಾಡಬೇಕೋ ಗೊತ್ತಿಲ್ಲ. ನಾನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡೆ.

ಮಾಡಿಸುವುದೇ ಸರಿ ಎಂದುಕೊಂಡು ಮನೆಗೆ ಬಂದು, ಮಲಗಿದ್ದ ಅವನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಬಾಲದ ಹತ್ತಿರ ಬಂದಾಗ ಒಂದೇ ಕಣ್ಣು ತೆರೆದು, ನಾನು ಎಂದಿನಂತೆ ನಕ್ಷೆ ಬರೆಯುತ್ತಿದ್ದೇನೆಂದು ಖಾತ್ರಿಯಾಗಿ, ಮುಚ್ಚಿದ. ಆಫೀಸಿನಲ್ಲಿ ಮನೆಗಳಿಗೆ ಬರೆಯುವಂತೆ ಅವನಿಗೂ ಒಂದು ನಕ್ಷೆ ಬರೆದು ಹಾಸಿಗೆ ಹೊಲಿಯುವವನಿಗೆ ಕೊಟ್ಟೆ. ಅವನು ಬಾಯಲ್ಲಿದ್ದ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ನೋಡಿದ. "ನಾಯಿ ಇಲ್ಲಿಗೇ ಮುಗೀತಲ್ಲ ಸಾರ್. ಹೊಟ್ಟೆ ಮುಂದೆ ಇಷ್ಟು ಜಾಗ ಯಾಕೆ ಬಿಟ್ಟಿದೀರಿ? ಒಬ್ಬರು ಆರಾಮಾಗಿ ಕೂತ್ಕೋಬಹುದು."

ಆಗಲೇ ನಾನೂ ಅದನ್ನು ಸರಿಯಾಗಿ ನೋಡಿದ್ದು. ಸಂಜೆ ಕೆಲಸದಿಂದ ಬಂದು, ಚಪ್ಪಲಿ ಒಂದೊಂದು ದಿಕ್ಕಿಗೆ ಎಸೆದು, ಅವನ ಪಕ್ಕೆಲುಬಿಗೆ ಬೆನ್ನು ಕೊಟ್ಟು ನೀನು ಕೂರುತ್ತಿದ್ದ ಜಾಗ. ಬಾಗಿಲು ತೆರೆದುಕೊಳ್ಳಲು ನಕ್ಷೆಯಲ್ಲಿ ಜಾಗ ಬಿಡುತ್ತೇವೆ. ಅದಕ್ಕೆ ಯೋಚನೆ ಬೇಕಾಗುವುದಿಲ್ಲ, ಕೈಯೇ ಬಿಡುತ್ತದೆ. "ಹಾಗೇ ಇರಲಿ, ಮಗ್ಗುಲು ಬದಲಾಯಿಸ್ತಾನೆ," ಎಂದೆ. "ಬದಲಾಯಿಸಲಿ, ನನಗೇನು," ಎಂದು ಅವನು ಮತ್ತೆ ಸೂಜಿ ಕಚ್ಚಿಕೊಂಡ.

ಹಾಸಿಗೆ ಚೆನ್ನಾಗಿ ಬಂತು. ಕೆಳಗೆ ಗಟ್ಟಿ ಫೋಮು, ಮೇಲೆ ತುಸು ಮೆದುವಾದ ಪದರ, ಒಗೆಯಲು ಬಿಚ್ಚಬಹುದಾದ ಗವಸು, ಜಾರದಂತೆ ಅಡಿಯಲ್ಲಿ ರಬ್ಬರ್ ಬಟ್ಟೆ. ನನ್ನ ಪೂರಾ ಭಾರ ಬಿಟ್ಟರೂ ಮೊಣಕಾಲಿಗೆ ನೆಲ ಸಿಗಲಿಲ್ಲ. ಗುಡಾಣ ಸುತ್ತಲೂ ಮೂಸಿ, ಅದರ ಮೇಲೆ ತಲೆ ಮಾತ್ರ ಇಟ್ಟು, ಉಳಿದ ದೇಹವನ್ನೆಲ್ಲ ನೆಲದ ಮೇಲೇ ಚಾಚಿದ. ದಿಂಬು ಎಂದುಕೊಂಡನೋ ಏನೋ. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, "ನೀವೇ ಮಲಗಿ ತೋರಿಸ್ರೀ ಮೊದಲು, ಅವನಿಗೆ ಹೇಗೆ ಗೊತ್ತಾಗಬೇಕು?" ಎಂದರು. ಮಲಗಿದೆ. ತುಂಬ ಹೊತ್ತು ನನ್ನನ್ನು ನೋಡಿದ. ನಂತರ ಬಂದು, ಸೊಂಟದಿಂದ ನನ್ನನ್ನು ನೆಲಕ್ಕೆ ತಳ್ಳಿ, ನಿಟ್ಟುಸಿರು ಬಿಟ್ಟು ಮಲಗಿದ. ಅಂದಿನಿಂದ ಅದು ಅವನದು.

ಆಮೇಲೂ ಎಷ್ಟೋ ದಿನ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ನಾನೇ ಎತ್ತುತ್ತಿದ್ದೆ. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಾಗ ಬೆನ್ನ ಹಿಂದೆ ಉಗುರುಗಳ ಸದ್ದು ಕೇಳಿತು. ತಿರುಗಿದರೆ ಬಾಗಿಲಲ್ಲಿ ನಿಂತಿದ್ದಾನೆ, ನಾಲ್ಕೂ ಕಾಲಿನ ಮೇಲೆ, ಒಬ್ಬನೇ, ತಿಂಡಿ ಯಾಕೆ ತಡ ಎಂಬ ಮುಖದಲ್ಲಿ. ಟೀ ಅರ್ಧ ಹೊರಗೆ ಚೆಲ್ಲಿತು. ಡಾಕ್ಟರಮ್ಮ ಸುದ್ದಿ ಕೇಳಿ, "ಹಾಗಾದ್ರೆ ಆ ಮಾತು ಸದ್ಯಕ್ಕೆ ಬೇಡ ಬಿಡಿ," ಎಂದರು.

ಆದ್ದರಿಂದ ನಿನಗೆ ಹೇಳಲು ನನ್ನ ಹತ್ತಿರ ಕೆಟ್ಟ ಸುದ್ದಿಯೇನೂ ಇಲ್ಲ. ನೀನು ಓಡಿ ಬರಬಹುದಾಗಿದ್ದ ಒಂದೇ ಒಂದು ಕಾರಣವನ್ನು ನಾನೇ ನಿಂತು ಹೊಲಿಸಿ ಇಲ್ಲವಾಗಿಸಿದೆ. ಬೇಸರವಿಲ್ಲ. ಅವನು ಓಡಾಡುತ್ತಿದ್ದಾನೆ. ಇನ್ನು ನಿನ್ನನ್ನು ಕರೆಯಲು ಅವನ ಹೆಸರು ಹೇಳುವ ಹಾಗಿಲ್ಲ, ನಾನೇ ಕೇಳಬೇಕು. ಕೇಳುತ್ತಿದ್ದೇನೆ. ಕಾರಣವಿಲ್ಲದೆ ಬರುತ್ತೀಯಾ?

ಚಳಿ ಶುರುವಾಗಿದೆ, ಬೆಚ್ಚಗಿರು. ಬಂದರೂ ಬಾರದಿದ್ದರೂ ನಿನ್ನ ನಿದ್ದೆ ಚೆನ್ನಾಗಿರಲಿ.

ನಿನ್ನ
ಅಳತೆಗೋಲು